ಬ್ಯಾಡ್ಜ್ ಇದ್ದವನು ಲಾರಿ ಹತ್ತುವಂತಿಲ್ಲ

"ಬಸ್ಸಿಗೆ" ಎಂದು ಹೇಳಿದ್ದು ನಾನೇ ಇರಬೇಕು, ಏಕೆಂದರೆ ಲೈಸೆನ್ಸ್ ಟೆಸ್ಟಿನ ಇನ್‌ಸ್ಪೆಕ್ಟರು ಕೇಳಿದ್ದು ನನ್ನನ್ನು. ಆದರೆ ಆ ಮಾತನ್ನು ನೆನೆದಾಗಲೆಲ್ಲ ನನಗೆ ಕೇಳಿಸುವುದು ಡ್ರೈವಿಂಗ್ ಸ್ಕೂಲಿನ ಮಾಸ್ಟರ ದನಿ, ಕೆಲವು ಸಲ ಭಾವನ ದನಿ. ಭಾವ ಆ ದಿನ ಕೊಪ್ಪದಲ್ಲಿ ಇರಲೇ ಇಲ್ಲ.

ಹಾಗಾಗಿ ಇದನ್ನು ಎಚ್ಚರದಿಂದ ಓದಬೇಕು. ಮುಂದೆ ಬರುವ ಮಾತುಗಳಲ್ಲಿ ಅರ್ಧದಷ್ಟನ್ನು ನಾನು ಆಮೇಲೆ ಸ್ಟಿಯರಿಂಗ್ ಹಿಡಿದುಕೊಂಡು ಮನಸ್ಸಿನಲ್ಲೇ ಎಷ್ಟೋ ಸಲ ಆಡಿ ನೋಡಿದ್ದೇನೆ. ಆಡುತ್ತ ಆಡುತ್ತ ಕೆಲವನ್ನು ತಿದ್ದಿರಲೂಬಹುದು. ಖಚಿತವಾಗಿ ಗೊತ್ತಿರುವುದು ಇಷ್ಟು: ಎರಡು ಸಾವಿರದ ಮೂರೋ ನಾಲ್ಕೋ ಇಸವಿಯಲ್ಲಿ ನಾನು ಲಾರಿ ಓಡಿಸುವ ಲೈಸೆನ್ಸು ಮಾಡಿಸಲೆಂದು ನರಸಿಂಹರಾಜಪುರದಿಂದ ಕೊಪ್ಪಕ್ಕೆ ಹೋದೆ, ಬಸ್ಸು ಓಡಿಸುವ ಲೈಸೆನ್ಸಿಗೆ ಸಹಿ ಹಾಕಿ ವಾಪಸ್ಸು ಬಂದೆ.

ನನಗಾಗ ಇಪ್ಪತ್ತೆರಡು. ಎನ್.ಆರ್. ಪುರದಲ್ಲಿ ಅಕ್ಕನ ಮನೆಯಲ್ಲಿದ್ದೆ. ಭಾವನದೊಂದು ಪಿಕಪ್ ಇತ್ತು. ಶುಂಠಿ ಮೂಟೆ, ಬಾಳೆಗೊನೆ, ಸಿಮೆಂಟು, ಮದುವೆ ಮನೆಗಳಿಗೆ ಹಂಡೆ ಕೊಪ್ಪರಿಗೆ, ಹೀಗೆ ಕರೆದವರ ಸಾಮಾನು ಸಾಗಿಸುವುದು. ಅದರ ಡ್ರೈವರು ನಾನು. ಬೀಗದ ಕೈ ಅಡುಗೆಮನೆಯ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಅದಕ್ಕೆ ಕೈ ಹಾಕಿದಾಗಲೆಲ್ಲ ಅಕ್ಕ ಒಲೆಯ ಮುಂದಿನಿಂದ ತಲೆ ಎತ್ತದೆ "ಎಲ್ಲಿಗೆ?" ಎನ್ನುತ್ತಿದ್ದಳು. ಬೈಗುಳವೇನಲ್ಲ, ಬರೀ ಪ್ರಶ್ನೆ. ಆದರೆ ದಿನಕ್ಕೆ ನಾಲ್ಕು ಸಲ ಅದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ, ಉತ್ತರ ಹೇಳಬೇಕಾಗಿಲ್ಲದ ಒಂದು ಜಾಗ ಎಲ್ಲಾದರೂ ಇರಬಹುದು ಎಂದು ನನಗೆ ಅನ್ನಿಸತೊಡಗಿತ್ತು.

ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನೊಬ್ಬ ಶಿವಮೊಗ್ಗದವರೊಬ್ಬರ ಲಾರಿ ಓಡಿಸುತ್ತಿದ್ದ. ಹುಬ್ಬಳ್ಳಿ, ಕೊಲ್ಹಾಪುರ, ಪುಣೆ. ತಿಂಗಳಿಗೊಮ್ಮೆ ಸಿಮೆಂಟು ಇಳಿಸಲು ಕೊಪ್ಪಕ್ಕೆ ಬರುತ್ತಿದ್ದ. ಒಂದು ಸಲ ಅವನ ಕ್ಯಾಬಿನ್ನಿಗೆ ಹತ್ತಿ ಕೂತಿದ್ದೆ. ಅಲ್ಲಿಂದ ಪೇಟೆಯೆಲ್ಲ ಸಣ್ಣದಾಗಿ ಕಂಡಿತು ಎಂದು ಬರೆಯುವ ಆಸೆ ಆಗುತ್ತದೆ. ಏನೂ ಕಾಣಲಿಲ್ಲ, ಎದುರಿಗೆ ಟೈರ್ ಅಂಗಡಿಯ ಗೋಡೆ ಇತ್ತು. ಆದರೆ ಸೀಟಿನ ಹಿಂದೆ ಸುತ್ತಿಟ್ಟ ಹಾಸಿಗೆ, ಸಣ್ಣ ಗ್ಯಾಸ್ ಒಲೆ, ಉಪ್ಪಿನಕಾಯಿ ಡಬ್ಬಿ, ದಾರಕ್ಕೆ ಒಣಹಾಕಿದ ಬನಿಯನ್ನು. ಅವನ ಮನೆ ಅವನ ಜೊತೆಗೇ ಹೋಗುತ್ತಿತ್ತು.

"ನಮ್ಮ ಓನರ್ರು ಇನ್ನೊಂದು ಲಾರಿ ತೆಗೀತಿದಾರೆ," ಎಂದ. "ಹೆವಿ ಮಾಡ್ಸ್ಕೊಂಡು ಬಾ. ಈ ತಿಂಗ್ಳು ಪೂರ್ತಿ ಹೇಳಿಟ್ಟಿರ್ತೀನಿ. ಅದಕ್ಕಿಂತ ಜಾಸ್ತಿ ಕಾಯ್ಸಕ್ಕಾಗಲ್ಲ ಮಾರಾಯ."

ಲೈಟ್ ಲೈಸೆನ್ಸು ಸಿಕ್ಕಿ ವರ್ಷ ದಾಟಿತ್ತು, ಹಾಗಾಗಿ ಮೇಲಿನದಕ್ಕೆ ಅರ್ಜಿ ಹಾಕಬಹುದಿತ್ತು. ಆರ್‌ಟಿಒ ಆಫೀಸಿನವರು ಚಿಕ್ಕಮಗಳೂರಿನಿಂದ ತಿಂಗಳಿಗೊಮ್ಮೆ ಕೊಪ್ಪಕ್ಕೆ ಬಂದು ಕ್ಯಾಂಪು ನಡೆಸುತ್ತಿದ್ದರು. ಅರ್ಜಿ, ಟೆಸ್ಟು, ನವೀಕರಣ ಎಲ್ಲ ಆ ಒಂದು ದಿನದಲ್ಲಿ. ತಪ್ಪಿದರೆ ಮುಂದಿನ ತಿಂಗಳು.

ಡ್ರೈವಿಂಗ್ ಸ್ಕೂಲು ಎಂದರೆ ಕೊಪ್ಪದಲ್ಲಿ ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆ. ನನ್ನ ಜೊತೆ ಭಾವನೂ ಬಂದಿದ್ದ, ಪಿಕಪ್ಪಿನ ಹಿತ ಕಾಯಲು. ಮಾಸ್ಟ್ರು ಬೆರಳು ಮಡಚುತ್ತ ವಿವರಿಸಿದರು.

"ನೋಡು ಮಾರಾಯ, ಮೂರು ನಮೂನೆ. ನಿನ್ನತ್ರ ಇರೋ ಲೈಟಿಗೆ ಟ್ರಾನ್ಸ್‌ಪೋರ್ಟ್ ಅಂತ ಹಾಕಿಸ್ಕೊಂಡ್ರೆ ಹಳದಿ ಬೋರ್ಡಿನ ಪಿಕಪ್ಪು, ಸಣ್ಣ ಟೆಂಪೋ. ಎರಡ್ನೇದು ಹೆವಿ, ಲಾರಿಗೆ. ಮೂರ್ನೇದು ಹೆವಿ ಜೊತೆ ಬ್ಯಾಡ್ಜು, ಬಸ್ಸಿಗೆ. ಎಂತ ಬೇಕು ಹೇಳು."

"ಮೊದಲ್ನೇದು ಸಾಕು," ಎಂದ ಭಾವ. "ಮನೇಲಿ ಪಿಕಪ್ ಇದ್ಯಲ್ಲ."

"ಭಾವ, ಹೆವಿ ಮಾಡ್ಸಿದ್ರೆ ಪಿಕಪ್ಪೂ ಓಡಿಸ್ಬಹುದು."

"ಹೆವಿ ಮಾಡ್ಸಿದವ ಪಿಕಪ್ ಓಡ್ಸಿದ್ದು ನಾ ಎಲ್ಲೂ ನೋಡಿಲ್ಲ."

"ಲಾರಿಯವನಿಗೆ ಹೆಣ್ಣು ಕೊಡೋರಿಲ್ಲ, ಅದೂ ನೆನಪಿರ್ಲಿ," ಎಂದರು ಮಾಸ್ಟ್ರು. "ಬಸ್ಸಿನವ ಆದ್ರೆ ಸಂಜೆ ಮನೆಗೆ ಬರ್ತಾನೆ. ದಾರಿ ಮೇಲಿನ ಹೆಣ್ಮಕ್ಕಳೆಲ್ಲ ಮುಖ ನೋಡಿರ್ತಾರೆ."

"ಇವನ ಮುಖ ನೋಡಿದ್ರೆ ಹಿಂದಿನ ಬಸ್ಸಿಗೆ ಬರ್ತೀವಿ ಅಂತಾರೆ," ಎಂದ ಭಾವ.

ಮಾಸ್ಟ್ರು ನಕ್ಕರು, ನಾನೂ ನಕ್ಕೆ. ಆಮೇಲೆ ಅವರು, ಬೆರಳು ಇನ್ನೂ ಮಡಚಿಕೊಂಡೇ, ಹೇಳಿದರು: "ಇನ್ನೊಂದು. ಒಂದ್ಸಲ ಬ್ಯಾಡ್ಜ್ ಹಾಕ್ಸಿದ್ರೆ ಮುಗೀತು. ಲಾರಿ ಮುಟ್ಟೋ ಹಾಗಿಲ್ಲ. ಜನ ಕೂರ್ಸೋನು ಸಾಮಾನು ಹೇರಬಾರ್ದು. ಕಾನೂನು."

ಇದನ್ನು ಅವರೇ ಹೇಳಿದರೋ, ಬಸ್‌ಸ್ಟ್ಯಾಂಡಿನಲ್ಲಿ ಇನ್ಯಾರೋ ಹೇಳಿದ್ದನ್ನು ನಾನು ಅವರ ಬಾಯಿಗೆ ಹಾಕುತ್ತಿದ್ದೇನೋ, ನಿಶ್ಚಯವಿಲ್ಲ. ಯಾರೇ ಹೇಳಿದ್ದರೂ ಹೊಸ ಮಾತೇನಾಗಿರಲಿಲ್ಲ. ಕೊಪ್ಪ, ಶೃಂಗೇರಿ, ಎನ್.ಆರ್. ಪುರ, ಮೂರು ಪೇಟೆಗಳ ಡ್ರೈವರುಗಳಲ್ಲಿ ನನಗೆ ಗೊತ್ತಿದ್ದವರೆಲ್ಲ ಇದನ್ನು ನಂಬಿದ್ದರು. ಎಲ್ಲಿ ಬರೆದಿದೆ ಎಂದು ಯಾರೂ ಕೇಳಿರಲಿಲ್ಲ. ಮಠದ ಊರಿನ ಸುತ್ತ ಬೆಳೆದವರಿಗೆ ಇದು ವಿಚಿತ್ರವಾಗಿಯೂ ಕಾಣುವುದಿಲ್ಲ. ಪೂಜೆಗೆ ಉಟ್ಟ ಪಂಚೆಯಲ್ಲಿ ಕೊಟ್ಟಿಗೆಗೆ ಹೋಗುವುದಿಲ್ಲ, ನೈವೇದ್ಯದ ಪಾತ್ರೆಯಲ್ಲಿ ಬೇರೆಯದನ್ನು ಬೇಯಿಸುವುದಿಲ್ಲ. ಜನರನ್ನು ಕೂರಿಸಿಕೊಳ್ಳುವ ಕೈಯಲ್ಲಿ ಸಿಮೆಂಟು ಸಾಗಿಸಬಾರದು ಎಂದರೆ ಅದೂ ಅದೇ ಸಾಲಿನಲ್ಲಿ ಹೋಗಿ ಕೂತುಕೊಂಡಿತು. ಲೈಸೆನ್ಸಿಗೂ ಮಡಿ ಮೈಲಿಗೆ ಇದೆ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೆವು.

ಎರಡನೆಯದು ಎಂದೆ. ಭಾವ ವಾದ ಮಾಡಲಿಲ್ಲ. ಮೆಟ್ಟಿಲು ಇಳಿಯುವಾಗ "ನಿನ್ನಿಷ್ಟ" ಎಂದ. ಆ ಮಾತನ್ನು ಎನ್.ಆರ್. ಪುರ ಮುಟ್ಟುವವರೆಗೆ ಇನ್ನೆರಡು ಸಲ ಹೇಳಿದ.

ಕ್ಯಾಂಪಿನ ದಿನ ಬೆಳಿಗ್ಗೆ ಮಾಸ್ಟ್ರು ಬಸ್‌ಸ್ಟ್ಯಾಂಡಿನಲ್ಲೇ ಸಿಕ್ಕಿದರು. ಟೆಸ್ಟಿಗೆ ಬರಬೇಕಾಗಿದ್ದ ಸ್ಕೂಲಿನ ಹಳೆಯ ಲಾರಿ ಜಯಪುರದ ಹತ್ತಿರ ಗೇರ್‌ಬಾಕ್ಸ್ ಕೆಟ್ಟು ನಿಂತಿತ್ತು. ಯಾವ ಗಾಡಿ ತರುತ್ತೀರೋ ಆ ಗಾಡಿಯ ಮೇಲೆ ಟೆಸ್ಟು. ಗಾಡಿ ಇಲ್ಲದಿದ್ದರೆ ಟೆಸ್ಟಿಲ್ಲ.

"ಮುಂದಿನ ತಿಂಗ್ಳು ನೋಡಣ," ಎಂದರು.

"ಮುಂದಿನ ತಿಂಗ್ಳಿಗೆ ಆ ಶಿವಮೊಗ್ಗದ ಲಾರಿಗೆ ಬೇರೆಯವ್ರು ಬಂದಿರ್ತಾರೆ ಮಾಸ್ಟ್ರೇ."

ಅವರು ಸ್ವಲ್ಪ ಹೊತ್ತು ಸುತ್ತ ನೋಡಿದರು. ಆಗ ಎನ್.ಆರ್. ಪುರದಿಂದ ಬಂದ ಒಂದು ಖಾಸಗಿ ಬಸ್ಸು ಒಳಗೆ ತಿರುಗಿತು. ಅದು ಹನ್ನೊಂದೂ ಇಪ್ಪತ್ತಕ್ಕೆ ಬಂದು, ಹನ್ನೆರಡೂ ಹತ್ತಕ್ಕೆ ಶೃಂಗೇರಿಗೆ ಹೊರಡುವ ಬಸ್ಸು. ನಡುವೆ ಐವತ್ತು ನಿಮಿಷ ಖಾಲಿ. ಅದರ ಓನರ್ರು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದರು. ಅರವತ್ತರ ಹತ್ತಿರದವರು, ಮೆತ್ತಗೆ ಮಾತಾಡುವವರು. ನಮ್ಮ ಭಾವನಿಗೂ ಪರಿಚಯ.

ಮಾಸ್ಟ್ರು ವಿಷಯ ಹೇಳಿದರು. ಓನರ್ರು ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಬಸ್ ಕೊಡಕ್ಕೆ ಎಂತ ಅಡ್ಡಿ ಇಲ್ಲ. ಒಬ್ಬ ಡ್ರೈವರ್ ಬಿಟ್ಟೋಗಿ ನಂಗೂ ಕಷ್ಟ ಆಗಿದೆ. ಆದ್ರೆ ನನ್ನ ಬಸ್ಸಲ್ಲಿ ಟೆಸ್ಟ್ ಕೊಟ್ಟು ಇನ್ಯಾರದ್ದೋ ಲಾರಿ ಹತ್ತೋದು ಸರಿ ಕಾಣ್ತದಾ? ನೀನೇ ಹೇಳು ತಮ್ಮ."

ಅವರು ನನಗೂ ಒಂದು ಕಾಫಿ ಹೇಳಿದರು. ಆ ಕಾಫಿಯನ್ನು ನಾನು ಕುಡಿದೆ. ಈ ಇಡೀ ಪ್ರಕರಣದಲ್ಲಿ, ಸಹಿ ಹಾಕಿದ್ದು ಬಿಟ್ಟರೆ, ನಾನು ನಿಸ್ಸಂದೇಹವಾಗಿ ಮಾಡಿದ ಕೆಲಸ ಅದೊಂದೇ.

ಬಸ್ಸನ್ನು ಟೆಸ್ಟ್ ನಡೆಯುವ ಮೈದಾನಕ್ಕೆ ಒಯ್ಯುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಶೃಂಗೇರಿಗೆ ಹೋಗುವ ಜನ ಆಗಲೇ ಹತ್ತಿ ಕೂತಿದ್ದರು. ಹಾಗೆ ಹತ್ತಲಾಗದವರು ಕಿಟಕಿಯಿಂದ ಟವೆಲು, ಚೀಲ, ಕೊಡೆ ಹಾಕಿ ಸೀಟು ಹಿಡಿದಿದ್ದರು. ಮಾಸ್ಟ್ರು ಇಳಿಯಿರಿ ಎಂದರೆ ಯಾರೂ ಅಲ್ಲಾಡಲಿಲ್ಲ. ಎರಡನೇ ಸೀಟಿನಲ್ಲಿದ್ದ, ಅಡ್ಡಗದ್ದೆ ಕಡೆಯ ಒಬ್ಬ ಅಜ್ಜಿ ವೀಳ್ಯದೆಲೆಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು:

"ನಾ ಇಳಿಯದಿಲ್ಲಪ್ಪ. ಇಳಿದ್ರೆ ಸೀಟ್ ಹೋಯ್ತು."

"ಟೆಸ್ಟ್ ಇದೆ ಅಜ್ಜಿ, ಹುಡುಗಂದು. ಹತ್ತು ನಿಮಿಷ."

"ಮಾಡ್ಲಿ. ನಾ ಎಂತ ಬೇಡ ಅಂದ್ನಾ? ಕೂತ್ಕಂಡೇ ನೋಡ್ತೀನಿ."

ಅಂತೂ ಬಸ್ಸಿನ ಡ್ರೈವರು ಎಲ್ಲರನ್ನೂ ಕೂರಿಸಿಕೊಂಡೇ ಮೈದಾನಕ್ಕೆ ತಂದ. ಇನ್‌ಸ್ಪೆಕ್ಟರು ಕೈಯಲ್ಲಿ ಅರ್ಜಿಗಳ ಕಟ್ಟು ಹಿಡಿದು ನಿಂತಿದ್ದರು. ಬಸ್ಸಿನೊಳಗೆ ಇಣುಕಿ, "ಏನ್ರೀ ಮಾಸ್ಟ್ರೇ, ಟೆಸ್ಟಿಗೆ ಸಾಕ್ಷಿ ಬೇರೆ ಕರ್ಕೊಂಡು ಬಂದಿದೀರಾ?" ಎಂದರು. ಆಮೇಲೆ ದನಿ ಗಟ್ಟಿ ಮಾಡಿ ಎಲ್ಲರನ್ನೂ ಇಳಿಸಿದರು. ಜನ ಇಳಿದರು, ಆದರೆ ತಮ್ಮ ತಮ್ಮ ಸೀಟಿನ ಮೇಲೆ ಏನಾದರೊಂದು ಇಟ್ಟೇ ಇಳಿದರು. ಅಜ್ಜಿ ಎಲೆಯ ಕಟ್ಟನ್ನು ಇಟ್ಟಳು, ಸಾಲದೆಂಬಂತೆ ಅದರ ಮೇಲೆ ಚಪ್ಪಲಿ ಇಡಲು ಹೋಗಿ ಬೇಡವೆಂದು ಕೈಯಲ್ಲೇ ಹಿಡಿದುಕೊಂಡಳು. ನಾನು ಸ್ಟಿಯರಿಂಗ್ ಹಿಡಿದು ಮೇಲಿನ ಕನ್ನಡಿಯಲ್ಲಿ ನೋಡಿದೆ. ಒಳಗೆ ಒಬ್ಬರೂ ಇಲ್ಲ, ಒಂದು ಸೀಟೂ ಖಾಲಿ ಇಲ್ಲ.

ಇನ್‌ಸ್ಪೆಕ್ಟರು ಹತ್ತಿ ಪಕ್ಕದ ಸೀಟಿನಲ್ಲಿ ಕೂತರು. ಮುಂದೆ ಹೋದೆ, ಏರಿನಲ್ಲಿ ನಿಲ್ಲಿಸಿ ಎತ್ತಿದೆ, ರಿವರ್ಸ್ ಬಂದೆ. ಮೈದಾನದ ಅಂಚಿನಲ್ಲಿ ನಿಂತ ಪ್ರಯಾಣಿಕರು "ಎಡಕ್ಕೆ ಕೊಡು, ಎಡಕ್ಕೆ", "ಸಾಕು ಸಾಕು, ಮರ ಇದೆ" ಎಂದು ಕೂಗುತ್ತಿದ್ದರು. ಒಬ್ಬ "ಪಾಸ್ ಮಾಡಿ ಸಾರ್, ನಮ್ಗೆ ಹೊತ್ತಾಯ್ತು" ಎಂದ. ಇನ್‌ಸ್ಪೆಕ್ಟರು ನಗು ತಡೆದುಕೊಂಡಿದ್ದು ನನ್ನ ನೆನಪಿನಲ್ಲಿದೆ. ತಡೆದುಕೊಂಡ ನಗು ಪಕ್ಕದ ಸೀಟಿನಲ್ಲಿ ಕೂತವನಿಗೆ ಕಾಣುತ್ತದೆಯೇ ಎಂದು ಈಗ ಸಂಶಯ.

ಇಳಿದ ಮೇಲೆ ಅವರು ಅರ್ಜಿ ನೋಡಿ ಕೇಳಿದರು: "ಹೆವಿ ಅಂತ ಬರ್ದಿದೆ. ಬ್ಯಾಡ್ಜಿನ ಫಾರಂ ಇಟ್ಟಿಲ್ಲ. ಲಾರಿಗೋ ಬಸ್ಸಿಗೋ?"

ಇಲ್ಲಿ ನನ್ನ ಹತ್ತಿರ ಮೂರು ಆವೃತ್ತಿಗಳಿವೆ. ಒಂದರಲ್ಲಿ ನಾನು ಬಾಯಿ ತೆರೆಯುವುದರೊಳಗೆ ಮಾಸ್ಟ್ರು "ಬಸ್ಸಿಗೆ ಸಾರ್, ಫಾರಂ ಈಗ ಕೊಡ್ತೀನಿ" ಎನ್ನುತ್ತಾರೆ. ಇನ್ನೊಂದರಲ್ಲಿ ನಾನು "ಲಾರಿಗೆ" ಎನ್ನುತ್ತೇನೆ, ಯಾರಿಗೂ ಕೇಳಿಸುವುದಿಲ್ಲ, ಏಕೆಂದರೆ ಜನ ಬಾಗಿಲಿಗೆ ನುಗ್ಗುತ್ತಿದ್ದಾರೆ. ಮೂರನೆಯದರಲ್ಲಿ ಓನರ್ರು ಕೊಡೆಯ ನೆರಳಿನಲ್ಲಿ ದೂರ ನಿಂತಿದ್ದಾರೆ, ನನ್ನ ಕಡೆ ನೋಡುತ್ತಲೂ ಇಲ್ಲ, ನಾನು ಅವರನ್ನು ನೋಡಿ, ಕುಡಿದ ಕಾಫಿಯನ್ನು ನೆನೆದು, "ಬಸ್ಸಿಗೆ ಸಾರ್" ಎನ್ನುತ್ತೇನೆ. ಮೂರನೆಯದನ್ನೇ ನಾನು ಹೆಚ್ಚು ನಂಬುತ್ತೇನೆ, ಅದರಲ್ಲಿ ನಾನು ಚೆನ್ನಾಗಿ ಕಾಣುವುದಿಲ್ಲವಾದ್ದರಿಂದ. ಆದರೆ ಹೀಗೆ ತನ್ನನ್ನು ಹಳಿದುಕೊಳ್ಳುವ ನೆನಪಿಗೂ ಒಂದು ಠೀವಿ ಇರುತ್ತದೆ. ಅದನ್ನೂ ಪೂರ್ತಿ ನಂಬಲಾಗದು.

ಫಾರಂಗೆ ಸಹಿ ಮಾಡಿದ್ದು ನಾನೇ. ಅದನ್ನು ಅಲ್ಲಗಳೆಯುವಂತಿಲ್ಲ.

ಹನ್ನೆರಡೂ ಹತ್ತಕ್ಕೆ ಬಸ್ಸು ಹೊರಟಿತು. ಗೆಳೆಯನಿಗೆ ಹೇಳಲು ನಾನು ಫೋನ್ ಬೂತಿಗೆ ಹೋದೆ. "ಬ್ಯಾಡ್ಜ್ ಹಾಕ್ಸಿಬಿಟ್ಯಾ?" ಎಂದ. "ಹಾಗಾದ್ರೆ ಆಗಲ್ಲ ಬಿಡು." ಅವನಿಗೂ ಅದೇ ಕಾನೂನು ಗೊತ್ತಿತ್ತು.

ಲೈಸೆನ್ಸು ಬಂದಿದ್ದು ಮಾಸ್ಟರ ಮೂಲಕ, ಬಸ್ಸಿನ ಓನರ್ರ ಆಫೀಸಿಗೆ. ಬಿಟ್ಟುಹೋದ ಡ್ರೈವರಿನ ಜಾಗಕ್ಕೆ ಅವರು ನನ್ನನ್ನೇ ಇಟ್ಟುಕೊಂಡಿದ್ದರು. ನಾನು ಆ ಸಣ್ಣ ಪುಸ್ತಕವನ್ನು ಬಿಡಿಸಿ ನೋಡಿದೆ, ಅಲ್ಲೇ ನಿಂತು, ಒಂದೆರಡು ನಿಮಿಷ. ಬ್ಯಾಡ್ಜನ್ನು ನನಗೆ ಕೊಟ್ಟರು, ಖಾಕಿ ಅಂಗಿಯ ಜೇಬಿನ ಮೇಲೆ ಚುಚ್ಚಿಕೊಳ್ಳುವ ಬಿಲ್ಲೆ. ಲೈಸೆನ್ಸನ್ನು ಓನರ್ರು ಕಬೋರ್ಡಿನಲ್ಲಿ ಇಟ್ಟರು.

"ಒರಿಜಿನಲ್ ಇಲ್ಲಿರ್ಲಿ ತಮ್ಮ. ಬಸ್ಸಲ್ಲಿ ಕಳ್ದೋಗ್ತದೆ. ಜೆರಾಕ್ಸ್ ಇಟ್ಕೋ."

ಆ ಕಬೋರ್ಡಿನಲ್ಲಿ ಅವರ ಉಳಿದ ಡ್ರೈವರುಗಳ ಒರಿಜಿನಲ್ಲುಗಳೂ ಇದ್ದವು, ರಬ್ಬರ್‌ಬ್ಯಾಂಡ್ ಹಾಕಿ. ಯಾರೂ ತಕರಾರು ಎತ್ತಿದ್ದು ನಾನು ಕೇಳಿರಲಿಲ್ಲ. ನನ್ನ ಜೆರಾಕ್ಸಿನಲ್ಲಿ ಫೋಟೋ ಕಪ್ಪಾಗಿತ್ತು, ಅದರ ಪಕ್ಕದಲ್ಲಿ, ಯಾವ ವರ್ಗದ ಗಾಡಿ ಎಂದು ನಮೂದಿಸುವ ಕಡೆ, ಮೆಷಿನ್ನಿನ ಶಾಯಿ ಉದ್ದಕ್ಕೆ ಮೆತ್ತಿಕೊಂಡಿತ್ತು. ಹೆಸರು, ನಂಬರು ಸರಿಯಾಗಿ ಕಾಣುತ್ತಿದ್ದವು. ಪೊಲೀಸರಿಗೆ ಅಷ್ಟು ಸಾಕಾಗುತ್ತಿತ್ತು. ನನಗೂ.

ಆಮೇಲಿನ ಮೂರು ವರ್ಷವನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ಬೆಳಿಗ್ಗೆ ಎನ್.ಆರ್. ಪುರ ಬಿಟ್ಟು ಕೊಪ್ಪ, ಹರಿಹರಪುರ, ಶೃಂಗೇರಿ; ಶೃಂಗೇರಿಯಿಂದ ಮತ್ತೆ ಹರಿಹರಪುರ, ಕೊಪ್ಪ, ಎನ್.ಆರ್. ಪುರ, ಮತ್ತೆ ಅದೇ. ಎರಡು ನಿಮಿಷ ಹಿಂದೆ ಇನ್ನೊಬ್ಬರ ಬಸ್ಸು. ಕನ್ನಡಿಯಲ್ಲಿ ಅದರ ಮೂತಿ ಕಾಣಿಸಿದರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತಿತ್ತು. ಯಾವ ತಿರುವಿನಲ್ಲಿ ಹಾರನ್ ಹೊಡೆಯಬೇಕು, ಯಾವ ಗೇಟಿನ ಮುಂದೆ ಯಾರು ಕೈ ಅಡ್ಡ ಹಾಕುತ್ತಾರೆ, ಯಾರು ಕೈ ಅಡ್ಡ ಹಾಕದೆ ಬರೀ ನೋಡುತ್ತ ನಿಲ್ಲುತ್ತಾರೆ, ಎಲ್ಲ ಮೈಗೆ ಅಂಟಿಕೊಂಡಿತು. ಹೊಸ ಘಟನೆ ಎಂದರೆ ರಸ್ತೆ ಬದಿಯ ಒಂದು ಅಂಗಡಿಗೆ ಬಣ್ಣ ಹೊಡೆದಿದ್ದು. ಮೊದಲ ವಾರ ಅದನ್ನು ನೋಡಲೆಂದೇ ಅಲ್ಲಿ ನಿಧಾನ ಮಾಡುತ್ತಿದ್ದೆ.

ಶೃಂಗೇರಿಯ ಟ್ರಿಪ್ಪುಗಳಲ್ಲಿ ದೂರದ ಯಾತ್ರಿಕರು ಇರುತ್ತಿದ್ದರು. ಬೋನೆಟ್ಟಿನ ಪಕ್ಕದ ಸೀಟಿನಲ್ಲಿ ಕೂತು ತಮಿಳಿನಲ್ಲಿ, ತೆಲುಗಿನಲ್ಲಿ, ಮುರುಕು ಹಿಂದಿಯಲ್ಲಿ ಮಠಕ್ಕೆ ಇನ್ನೆಷ್ಟು ದೂರ ಎಂದು ಕೇಳುತ್ತಿದ್ದರು. ನನ್ನ ಬೆನ್ನ ಹಿಂದೆ ದಿನವೂ ಹೊಸ ಊರುಗಳು ಬಂದು ಕೂರುತ್ತಿದ್ದವು. ಅವನ್ನು ತುಂಗಾನದಿಯ ಹತ್ತಿರ ಇಳಿಸಿ ನಾನು ಬಸ್ಸು ತಿರುಗಿಸುತ್ತಿದ್ದೆ.

ಅಕ್ಕ ಈಗ "ಎಲ್ಲಿಗೆ?" ಎನ್ನುತ್ತಿರಲಿಲ್ಲ. ಕೈಯಲ್ಲಿ ವಾಚು ಇದ್ದ ಯಾರಿಗೇ ಆದರೂ ನಾನು ಎಲ್ಲಿದ್ದೇನೆ ಎಂದು ಗೊತ್ತಾಗುತ್ತಿತ್ತು. ಭಾವ ಪಿಕಪ್ಪಿಗೆ ಬೇರೆಯವನನ್ನು ಇಟ್ಟುಕೊಂಡಿದ್ದ. ದಾರಿಯಲ್ಲಿ ಎದುರಾದರೆ ಬಸ್ಸಿಗೆ ಜಾಗ ಬಿಡಿಸಿ, ಪಕ್ಕದಲ್ಲಿ ಕೂತ ಭಾವ ತಲೆ ಹೊರಗೆ ಹಾಕಿ "ಹೋಗಿ ಸ್ವಾಮಿ, ಬ್ಯಾಡ್ಜಿನೋರು!" ಎಂದು ಕೂಗುತ್ತಿದ್ದ.

ಉಸಿರು ಕಟ್ಟುತ್ತಿತ್ತು ಎಂದು ಬರೆದರೆ ದೊಡ್ಡ ಮಾತಾಗುತ್ತದೆ. ಕಟ್ಟುತ್ತಿರಲಿಲ್ಲ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಆದರೆ ಕೊಪ್ಪದಲ್ಲಿ ಆ ಐವತ್ತು ನಿಮಿಷ ಬಸ್ಸು ನಿಂತಾಗ ನಾನು ಸೀಟಿನಿಂದ ಇಳಿಯದೆ ಕೂತಿರುತ್ತಿದ್ದೆ. ಇಳಿದು ಎಲ್ಲಿಗೆ ಹೋಗುವುದು ಎಂಬುದು ಹೊಳೆಯುತ್ತಿರಲಿಲ್ಲ. ಹೋಟೆಲಿನವನು ಕಾಫಿಯನ್ನು ಕಿಟಕಿಗೇ ತಂದುಕೊಡುವುದನ್ನು ರೂಢಿ ಮಾಡಿಕೊಂಡ.

ಒಂದು ದಿನ ಹಾಗೆ ಕೂತಿದ್ದಾಗ ಗೆಳೆಯನ ಲಾರಿ ಬಂದು ಪಕ್ಕದಲ್ಲಿ ನಿಂತಿತು. ಎರಡು ವರ್ಷವಾಗಿತ್ತೋ, ಎರಡೂವರೆಯೋ. ಅವನ ಕ್ಯಾಬಿನ್ನು, ನನ್ನ ಕಿಟಕಿ, ಹೆಚ್ಚುಕಮ್ಮಿ ಒಂದೇ ಎತ್ತರ. ಇಬ್ಬರೂ ಇಳಿಯದೆ ಮಾತಾಡಿದೆವು.

"ಎಂತ ಮಾರಾಯ, ಗೂಟಕ್ಕೆ ಕಟ್ಟಿದ ಹಾಗೆ ಕೂತಿದೀಯ?"

"ಟೈಮ್ ಆಗ್ಲಿಲ್ಲ ಇನ್ನೂ."

"ನಿಂಗೆ ಯಾವತ್ತು ಟೈಮ್ ಆಗದು? ನೋಡು, ನಮ್ಮಲ್ಲಿ ಮತ್ತೊಂದು ಸೀಟ್ ಖಾಲಿ ಬಿದ್ದಿದೆ. ಮುಂಬೈ ಲೈನು. ಬತ್ತೀಯಾ?"

"ಬ್ಯಾಡ್ಜ್ ಇದ್ಯಲ್ಲ."

"ಛೆ, ಹೌದಲ್ಲ. ಮರ್ತೇ ಹೋಗಿತ್ತು." ಅವನು ನಾಲಿಗೆ ಲೊಚಗುಟ್ಟಿದ. "ಹಾಳು ಬ್ಯಾಡ್ಜು. ಕಿತ್ತು ಹೊಳೆಗೆ ಹಾಕು."

ಇಬ್ಬರೂ ನಕ್ಕೆವು. ಅವನ ಲಾರಿ ಹೋಯಿತು. ಈ ಭೇಟಿಯನ್ನು ನೆನೆದಾಗ ನನ್ನನ್ನು ಕಾಡುವುದು ನನ್ನ ಉತ್ತರದ ವೇಗ. ಅವನು ಬತ್ತೀಯಾ ಎಂದು ಮುಗಿಸುವ ಮೊದಲೇ ನಾನು ಬ್ಯಾಡ್ಜಿನ ಹೆಸರು ಹೇಳಿದ್ದೆ. ಸಂಕಟಪಡುವವನು ಅಷ್ಟು ಬೇಗ ಹೇಳುತ್ತಾನೆಯೇ? ಅಥವಾ ಆಗ ನಿಧಾನವಾಗಿಯೇ ಹೇಳಿದ್ದನ್ನು ಮುಂದೆ ನಡೆದದ್ದರ ಬೆಳಕಿನಲ್ಲಿ ನಾನೇ ಬೇಗ ಮಾಡಿಕೊಂಡಿದ್ದೇನೆಯೇ?

ಮುಂದೆ ನಡೆದದ್ದು ಇದು. ಲೈಟ್ ಲೈಸೆನ್ಸಿನ ಹಾಗೆ ಅಲ್ಲ ದೊಡ್ಡ ಗಾಡಿಯದ್ದು, ಮೂರು ವರ್ಷಕ್ಕೊಮ್ಮೆ ಡಾಕ್ಟರ ಸರ್ಟಿಫಿಕೇಟು ಇಟ್ಟು ನವೀಕರಿಸಬೇಕು. ನನ್ನದು ಮುಗಿಯುವ ತಿಂಗಳು ಓನರ್ರು ಕಬೋರ್ಡು ತೆಗೆದು ಒರಿಜಿನಲ್ ಕೊಟ್ಟು, "ಆದ್ಮೇಲೆ ತಂದ್ಕೊಡು" ಎಂದರು. ಮತ್ತೆ ಕೊಪ್ಪದ ಕ್ಯಾಂಪು, ಅದೇ ಐವತ್ತು ನಿಮಿಷದ ಬಿಡುವು. ಮೇಜಿನ ಹಿಂದೆ ಒಬ್ಬ ಮೇಡಂ ಅರ್ಜಿ ತೆಗೆದುಕೊಳ್ಳುತ್ತಿದ್ದರು. ಗೆಳೆಯನ ಮಾತು ಇನ್ನೂ ಹಸಿಯಾಗಿತ್ತು. ಧೈರ್ಯ ಮಾಡಿ ಕೇಳಿದೆ.

"ಮೇಡಂ, ಬ್ಯಾಡ್ಜ್ ತೆಗ್ಸಿ ಲಾರಿ ಲೈಸೆನ್ಸ್ ಮಾಡ್ಕೊಬೇಕು ಅಂದ್ರೆ ಎಂತ ಮಾಡ್ಬೇಕು?"

"ಬ್ಯಾಡ್ಜ್ ಯಾಕ್ರೀ ತೆಗೆಸ್ತೀರಾ?"

"ಬ್ಯಾಡ್ಜ್ ಇದ್ರೆ ಲಾರಿ ಓಡಿಸೋ ಹಾಗಿಲ್ವಲ್ಲ."

ಅವರು ಲೈಸೆನ್ಸನ್ನು ನನ್ನ ಕಡೆ ತಿರುಗಿಸಿ ಪೆನ್ನಿನ ತುದಿಯಿಂದ ಒಂದು ಸಾಲು ತೋರಿಸಿದರು. "ಇಲ್ಲಿ ಏನಿದೆ? ಹೆವಿ, ಟ್ರಾನ್ಸ್‌ಪೋರ್ಟ್. ಲಾರಿನೂ ಇದ್ರಲ್ಲೇ, ಬಸ್ಸೂ ಇದ್ರಲ್ಲೇ. ಬ್ಯಾಡ್ಜು ಜನ ಕೂರ್ಸೋಕೆ ಹೆಚ್ಚಿಗೆ ಕೊಟ್ಟಿರೋದು, ಅಷ್ಟೇ. ಅದ್ರಿಂದ ಏನೂ ಕಡಿಮೆ ಆಗಲ್ಲ. ಯಾರು ಹೇಳಿದ್ರು ನಿಮ್ಗೆ?"

ಹಿಂದಿದ್ದವನು "ಬೇಗ ಮಾರಾಯ" ಎಂದು ಭುಜ ತಟ್ಟಿದ. ಮೇಡಂ ರಸೀದಿ ಹರಿದು ಕೊಟ್ಟರು.

ನಾನು ಮಾಸ್ಟರ ಸ್ಕೂಲಿಗೆ ಹೋಗಿ ಜಗಳ ಆಡಲಿಲ್ಲ. ಫೋನ್ ಬೂತಿಗೂ ಹೋಗಲಿಲ್ಲ. ಹೋಗಬೇಕಿತ್ತು ಎಂಬುದು ಬರೆಯುವಾಗ ಹೊಳೆಯುವ ಮಾತು. ಆಗ ಹನ್ನೆರಡೂ ಐದಾಗಿತ್ತು, ಬಸ್ಸಿನಲ್ಲಿ ಜನ ತುಂಬಿದ್ದರು, ಹಿಂದಿನ ಬಸ್ಸಿನವನು ಆಗಲೇ ಇಂಜಿನ್ ಶುರು ಮಾಡಿದ್ದ. ಹನ್ನೆರಡೂ ಹತ್ತಕ್ಕೆ ಸರಿಯಾಗಿ ಹೊರಟೆ. ಹರಿಹರಪುರದವರೆಗೆ ನನಗೆ ಸಿಟ್ಟೂ ಬರಲಿಲ್ಲ. ಅಲ್ಲಿಂದ ಮುಂದೆ ಬಂದಿದ್ದು ಸಿಟ್ಟೋ ಹೆದರಿಕೆಯೋ ಹೇಳಲಾರೆ. ಮೂರು ವರ್ಷ ನನ್ನನ್ನು ಹಿಡಿದಿಟ್ಟ ಗೋಡೆ ಇರಲೇ ಇಲ್ಲ ಎಂದು ಗೊತ್ತಾದ ಮೇಲೆ ಎದ್ದು ನಡೆಯುವುದು ಸುಲಭವಾಗಬೇಕಿತ್ತು. ಆಗಲಿಲ್ಲ. ಗೋಡೆ ಇದ್ದಷ್ಟು ದಿನ ನಾನು ಹೋಗಲಾಗದವನಾಗಿದ್ದೆ. ಇನ್ನು ಮೇಲೆ ಹೋಗದವನಾಗಬೇಕಿತ್ತು, ಅಥವಾ ಹೋಗಬೇಕಿತ್ತು.

ನವೀಕರಿಸಿದ ಲೈಸೆನ್ಸು ಕೈಗೆ ಬಂದ ದಿನ ಅದನ್ನು ನಾನೇ ಓನರ್ರ ಆಫೀಸಿಗೆ ಒಯ್ದೆ. ಅವರು ಫೋನಿನಲ್ಲಿ ಮಾತಾಡುತ್ತಿದ್ದರು, ನನ್ನನ್ನು ನೋಡಲೂ ಇಲ್ಲ, ಕೇಳಲೂ ಇಲ್ಲ. ಕಬೋರ್ಡಿನ ಬಾಗಿಲು ತೆರೆದೇ ಇತ್ತು.

ಅಲ್ಲಿಟ್ಟು ಬಂದೆ. ಆಮೇಲೂ ಅದೇ ಬಸ್ಸು, ಮತ್ತೊಂದು ನವೀಕರಣದವರೆಗೆ. ಯಾರಿಗೂ ಹೇಳಲಿಲ್ಲ. ಭಾವನಿಗೂ, ಗೆಳೆಯನಿಗೂ. ಬ್ಯಾಡ್ಜಿನ ಕಾನೂನನ್ನು ಹೊಸ ಡ್ರೈವರುಗಳು ನನ್ನ ಮುಂದೆಯೇ ಒಬ್ಬರಿಗೊಬ್ಬರು ಹೇಳುತ್ತಿದ್ದರು. ಒಂದೆರಡು ಸಲ ನಾನೂ ಹೂಂಗುಟ್ಟಿದ್ದೇನೆ.

ನನಗೆ ಉಳಿದಿರುವ ಪ್ರಶ್ನೆ ಒಂದೇ. ಮೊದಲ ಸಲ ಲೈಸೆನ್ಸು ಬಂದಾಗ ಓನರ್ರ ಆಫೀಸಿನಲ್ಲಿ ನಿಂತು ಅದನ್ನು ನೋಡಿದ್ದೆನಲ್ಲ, ಆ ಒಂದೆರಡು ನಿಮಿಷ. ನನ್ನ ಫೋಟೋ ನೆನಪಿದೆ: ಕಾಲರಿನ ಒಂದು ಬದಿ ಮಡಚಿತ್ತು, ಸೀಲು ಗದ್ದದ ಮೇಲೆ ಬಿದ್ದಿತ್ತು. ಮೇಡಂ ತೋರಿಸಿದ ಸಾಲು ಆ ಫೋಟೋದ ಪಕ್ಕದಲ್ಲೇ ಇತ್ತು, ಬೆರಳಗಲದ ದೂರದಲ್ಲಿ, ಇಂಗ್ಲಿಷಿನಲ್ಲಿ. ಅಷ್ಟು ಇಂಗ್ಲಿಷು ನನಗೆ ಓದಲು ಬರುತ್ತಿತ್ತು. ಕಾಲರನ್ನು ನೋಡಿದ ಕಣ್ಣು ಅದನ್ನೂ ನೋಡಿರಬೇಕು. ನೋಡಿ, ಅರ್ಥವಾಗಿ, ಮುಚ್ಚಿ ಕೊಟ್ಟೆನೋ. ಅಥವಾ ನಿಜವಾಗಿಯೂ ಮೇಡಂ ಪೆನ್ನು ಇಡುವವರೆಗೆ ಆ ಸಾಲು ನನಗೆ ಕಂಡಿರಲಿಲ್ಲವೋ, ಗೊತ್ತಿಲ್ಲ.